ಶ್ರುತಿ ಯಾರದು ಎಂದು ಕೇಳಿದಾಗ

"ತಿದಿಯಣ್ಣ ಹೋಗೋವರೆಗೂ ಆ ಮೇಳದ ಬಾಗಿಲೇ ತೆಗೆಯಲ್ವಂತೆ" ಎಂದು ಎದುರುಮನೆ ದರ್ಜಿ ಹೇಳುವುದು. "ತೆಗೆಯೋದೇನು, ಇವನ ಮಾತಿನ ಗಾಳಿಗೆ ಅದೇ ತೆರ್ಕೊಳ್ಳುತ್ತೆ" ಎಂದು ದರ್ಜಿಯ ಹೆಂಡತಿ ಒಗ್ಗರಣೆ ಹಾಕುವುದು. ನಕ್ಕರೂ ನಮ್ಮ ಬೀದಿಯವರಿಗೆಲ್ಲ ಒಳಗೊಳಗೆ ಹೆಮ್ಮೆಯೇ. ತಿದಿಯಣ್ಣ ಹಾರ್ಮೋನಿಯಂ ಪೆಟ್ಟಿಗೆ ಮಾಡುವವನು. ಗಾಳಿ ತುಂಬುವ ತಿದಿಯನ್ನು ಅವನಂತೆ ಮಡಿಸಿ ಅಂಟಿಸುವವರು ಸುತ್ತಮುತ್ತ ಇರಲಿಲ್ಲ. ವರ್ಷಕ್ಕೊಮ್ಮೆ ದೊಡ್ಡ ನಗರದಲ್ಲಿ ವಾದ್ಯ ಮಾಡುವವರೂ ಮಾರುವವರೂ ನಾಲ್ಕು ದಿನ ಸೇರುವ ವ್ಯಾಪಾರ ಮೇಳಕ್ಕೆ ನಮ್ಮ ಬೀದಿಯಿಂದ ಹೋಗುತ್ತಿದ್ದವನು ಅವನೊಬ್ಬನೇ. ಮೇಳದಲ್ಲಿ ಕೊರಳಿಗೆ ಹಾಕಿದ ಗುರುತಿನ ಕಾರ್ಡನ್ನು ಊರಿಗೆ ಬಂದು ಬಸ್ಸಿಳಿದರೂ ತೆಗೆಯುತ್ತಿರಲಿಲ್ಲ. ಮನೆ ಮುಟ್ಟುವವರೆಗೆ ಅದು ಅವನ ಹೊಟ್ಟೆಯ ಮೇಲೆ ಕುಣಿದುಕೊಂಡೇ ಬರಬೇಕು.

ಆ ಮನೆಯಲ್ಲಿ ಇನ್ನೊಬ್ಬಳಿದ್ದಳು, ಅವನ ಅಕ್ಕ. ಪೆಟ್ಟಿಗೆ, ತಿದಿ, ಮೆರುಗು ತಮ್ಮನದು, ಶ್ರುತಿ ಅಕ್ಕನದು. ಪೆಟ್ಟಿಗೆಯೊಳಗೆ ಸಾಲಾಗಿ ಕೂರುವ ಹಿತ್ತಾಳೆಯ ನಾಲಗೆಗಳಿಗೆ ರೀಡು ಎನ್ನುತ್ತಾರೆ. ಅದರ ತುದಿಯನ್ನು ಒಂಚೂರು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಹೇಳುವುದಕ್ಕೆ ಇಷ್ಟೇ. ಎಷ್ಟು ಕೆರೆದು ಎಲ್ಲಿ ನಿಲ್ಲಿಸಬೇಕು ಎನ್ನುವುದು ಕಿವಿಗೆ ಬಿಟ್ಟ ವಿಷಯ, ಆ ಕಿವಿ ಹುಟ್ಟುವಾಗಲೇ ಅಕ್ಕನ ಪಾಲಿಗೆ ಹೋಗಿತ್ತು. ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಗಡಿಯಾರವನ್ನೂ ಹೊರಗಿಟ್ಟು ಅವಳು ಅರ ಹಿಡಿದು ಕೂತಳೆಂದರೆ, ತಮ್ಮ ಅಡುಗೆಮನೆಯಲ್ಲಿ ಲೋಟವನ್ನೂ ಸದ್ದಾಗದಂತೆ ಇಡಬೇಕು.

ಮೊದಲ ಸಲ ಮೇಳದಲ್ಲಿ ಅವನಿಗೆ ಸಿಕ್ಕಿದ್ದು ಕಕ್ಕಸಿಗೆ ಹೋಗುವ ದಾರಿಯ ಪಕ್ಕದಲ್ಲೊಂದು ಮೇಜು. ಜನಕ್ಕೇನೂ ಬರವಿರಲಿಲ್ಲ, ಆದರೆ ಯಾರೂ ಅವನಿಗಾಗಿ ಬಂದವರಲ್ಲ. ಮೂರನೆಯ ದಿನ ಸಗಟು ಅಂಗಡಿಯ ಯಜಮಾನಿಯೊಬ್ಬರು ಒದ್ದೆ ಕೈ ಒರೆಸಿಕೊಳ್ಳುತ್ತ ಹೋಗುತ್ತಿದ್ದವರು ನಿಂತು, ತಿದಿ ಒತ್ತಿ ನಾಲ್ಕು ಸ್ವರ ನುಡಿಸಿದರು. ಮತ್ತೆ ನುಡಿಸಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ.

"ಇದಕ್ಕೆ ಶ್ರುತಿ ಮಾಡಿದ್ದು ಯಾರು?"

ನಮ್ಮಕ್ಕ ಎನ್ನಲು ತೆರೆದ ಬಾಯಿಂದ ಬಂದ ಮಾತು, "ನಾನೇ."

ಅಷ್ಟು ಮೆಚ್ಚುಗೆಯ ಕಣ್ಣು ಅದುವರೆಗೆ ಅವನ ಮೇಲೆ ಬಿದ್ದಿರಲಿಲ್ಲ. ಬಿದ್ದದ್ದನ್ನು ಮನೆಯಲ್ಲಿ ಕೂತವಳ ಕಡೆ ತಿರುಗಿಸಲು ಮನಸ್ಸು ಬರಲಿಲ್ಲ. ಮಾತು ಆಡಿದರೆ ಹೋಯಿತು ಅಂತಾರೆ. ಈ ಮಾತು ಎಲ್ಲಿಗೂ ಹೋಗದೆ ಅಲ್ಲೇ ಕೂತು ಬೆಳೆಯಿತು. ಮರುವರ್ಷ ಅವನ ಮೇಜು ಸಭಾಂಗಣದ ನಡುವಿಗೆ ಬಂತು. ಇನ್ನೆರಡು ವರ್ಷಕ್ಕೆ ಮೇಳದ ಪುಸ್ತಿಕೆಯಲ್ಲಿ ಫೋಟೋ ಬಂತು, ಕೆಳಗೆ "ಶ್ರುತಿಯ ಮಾಂತ್ರಿಕ" ಎಂಬ ಬಿರುದು.

"ಏನಂದ್ರೋ?" ಎಂದು ಅಕ್ಕ ಪ್ರತಿ ಸಲ ಕೇಳುವಳು.

"ಚೆನ್ನಾಗಿದೆ ಅಂದ್ರು."

"ಪೆಟ್ಟಿಗೆನೋ, ಶ್ರುತಿನೋ?"

"ಎಲ್ಲಾನೂ."

ಒಮ್ಮೆ ಅವಳು, "ಈ ಸಲ ನಾನೂ ಬರ್ಲಾ?" ಅಂದಳು. "ಅಲ್ಲಿ ಡ್ರಮ್ಮಿನವರು ನೂರು ಜನ ಒಟ್ಟಿಗೆ ಬಡೀತಾರೆ ಅಕ್ಕ, ನಿನ್ನ ಕಿವಿ ಕೆಟ್ಟುಹೋದ್ರೆ ನಮ್ಮ ಗತಿ?" ಎಂದ. ಅದು ನಿಜವೂ ಆಗಿತ್ತು. ಅದಕ್ಕೇ ಸಲೀಸಾಗಿ ಹೇಳಿದ. ಅವಳು ಆಗಲೇ ತೆಗೆದು ಮಂಚದ ಮೇಲಿಟ್ಟಿದ್ದ ಸೀರೆಯನ್ನು ಮತ್ತೆ ಬೀರುವಿನೊಳಗೆ ಇಟ್ಟಳು.

ಹತ್ತೊಂಬತ್ತನೆಯ ವರ್ಷ ಮೇಳದವರು ಹೊಸದೊಂದು ಏರ್ಪಾಡು ಮಾಡಿದರು. ಹೆಸರಾಂತ ಶ್ರುತಿಗಾರರು ವೇದಿಕೆಯ ಮೇಲೆ ಕೂತು, ಅಪಶ್ರುತಿಯ ಪೆಟ್ಟಿಗೆಯೊಂದನ್ನು ಜನರ ಮುಂದೆಯೇ ಸರಿಮಾಡಿ ತೋರಿಸಬೇಕು. ತಿದಿಯಣ್ಣನಿಗೆ ನಡುವಿನ ಕುರ್ಚಿ. ಮುಂದಿನ ಸಾಲಿನಲ್ಲಿ ಅದೇ ಯಜಮಾನಿ, ತಲೆ ಈಗ ಪೂರ್ತಿ ಬೆಳ್ಳಗೆ.

ಅವನಿಗೆ ಕೊಟ್ಟ ರೀಡು ತಗ್ಗಿ ನುಡಿಯುತ್ತಿತ್ತು. ತುದಿ ಕೆರೆಯಬೇಕಿತ್ತು. ಇಷ್ಟು ವರ್ಷ ಬಾಗಿಲ ಸಂದಿಯಿಂದ ನೋಡಿದ್ದ ಕೆಲಸ, ಆದರೆ ಅಷ್ಟು ಕಣ್ಣುಗಳ ಮುಂದೆ ತುದಿ ಯಾವುದಕ್ಕೆ, ಬುಡ ಯಾವುದಕ್ಕೆ ಎಂಬುದೇ ಅದಲುಬದಲಾಯಿತು. ಬುಡ ಕೆರೆದ. ಸ್ವರ ಇನ್ನೂ ಇಳಿಯಿತು. ಸಾಲದೇನೋ ಎಂದು ಇನ್ನಷ್ಟು ಕೆರೆದ. ಅಕ್ಕಪಕ್ಕದ ಶ್ರುತಿಗಾರರು ಕೈ ನಿಲ್ಲಿಸಿ ನೋಡತೊಡಗಿದರು. ಕೊನೆಗೆ ಹಿತ್ತಾಳೆ ಟಿಣ್ ಎಂದು ಮುರಿದು ಅವನ ತೊಡೆಯ ಮೇಲೆ ಬಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ಯಜಮಾನಿ ಎದ್ದುಬಂದು ಮೆಲ್ಲಗೆ, "ಇವತ್ತು ನಿಮಗೆ ಹುಷಾರಿಲ್ಲ ಅನ್ಸುತ್ತೆ, ಅಲ್ವಾ?" ಎಂದರು.

ಹೇಳಬಹುದಿತ್ತು. ಹೇಗೂ ಮರ್ಯಾದೆ ನೆಲಕ್ಕೆ ಬಿದ್ದಿತ್ತು, ಅಲ್ಲಿಂದಲೇ ಹೇಳಬಹುದಿತ್ತು.

"ಹೌದು, ಜ್ವರ" ಎಂದ ತಿದಿಯಣ್ಣ.

ಆ ಸಲ ಕಾರ್ಡು ಕಿಸೆಯಲ್ಲಿತ್ತು. ಅಕ್ಕ "ಏನಂದ್ರೋ?" ಎಂದಾಗ ಸ್ನಾನಕ್ಕೆ ಹೋದ.

ವಾರ ಕಳೆದ ಮೇಲೆ ಫೋನು ಬಂತು. ತಿದಿಯಣ್ಣ ಅಂಟಿನ ಕೈಯಲ್ಲಿದ್ದ, ಅಕ್ಕ ಎತ್ತಿ, ಅವನಕ್ಕ ಎಂದಳು. ಯಜಮಾನಿಯ ಧ್ವನಿ ದೊಡ್ಡದು, ಬಾಗಿಲಲ್ಲಿದ್ದ ಅವನಿಗೂ ಕೇಳಿಸಿತು. "ತಮ್ಮನವರ ಜ್ವರ ಇಳೀತಾ? ಇಷ್ಟು ವರ್ಷ ಅಂಥ ಶ್ರುತಿ ಕೊಟ್ಟ ಕೈ ಅವತ್ತು ಹಾಗೆ ತಪ್ಪಿದ್ದು ನೋಡಿ ನಂಗೆ ನಿದ್ದೆ ಬರ್ಲಿಲ್ಲ."

ಅಕ್ಕ ತಮ್ಮನ ಕಡೆ ತಿರುಗಿ ನೋಡಿದಳು. ಆಮೇಲೆ, "ಇಳೀತಮ್ಮ. ಆ ಜ್ವರದಲ್ಲಿ ಅವನ ಕೈ ನಡುಗ್ತಿತ್ತು" ಎಂದು ಹೇಳಿ ಫೋನಿಟ್ಟಳು.

ವೇದಿಕೆಯ ಮೇಲೆ ಹೋಗದಿದ್ದ ಜೀವ ಅವನಿಗೆ ಈಗ ಹೋಯಿತು. ತನ್ನ ಸುಳ್ಳನ್ನು ಅಕ್ಕನ ಬಾಯಿಂದ ಕೇಳುವುದೆಂದರೆ ಏನು ಎನ್ನುವುದು ಅವನಿಗೆ ಗೊತ್ತಿರಲಿಲ್ಲ.

"ಅಕ್ಕ..."

"ಗೊತ್ತು ಕಣೋ. ಮೇಳದಿಂದ ವಾಪಸ್ ತರುವಾಗ ಪೆಟ್ಟಿಗೆ ಅಲುಗಾಡದ ಹಾಗೆ ಅವರ ಪುಸ್ತಿಕೆ ಹರಿದು ನೀನೇ ತುರುಕಿದ್ದೆ. ಬಿಚ್ಚಿದ್ರೆ ನಿನ್ನ ಮುಖ. ಮಾಂತ್ರಿಕ ಅಂತೆ." ಅವಳು ನಗಲು ನೋಡಿದಳು, ಆಗಲಿಲ್ಲ. "ಹದಿನೈದು ವರ್ಷ ಆಯ್ತು."

"ಕೇಳ್ಬಾರ್ದಿತ್ತಾ?"

"ವರ್ಷಾ ವರ್ಷಾ ಕೇಳ್ದೆನಲ್ಲೋ. ಏನಂದ್ರು ಅಂತ."

ಅವನು ತಲೆ ತಗ್ಗಿಸಿ ಬೆರಳಿನ ಅಂಟು ಕೀಳುತ್ತ ನಿಂತ. ಕೊನೆಗೆ, "ಮುಂದಿನ ಸಲ ನೀನೂ ಬಾ. ಎಲ್ಲರ ಮುಂದೆ ಹೇಳ್ತೀನಿ" ಎಂದ.

"ಏನು ತಗೊಂಡು ಹೋಗ್ಲಿ? ಮೇಲಿನ ಸ್ವರ ಈಗೀಗ ನಂಗೆ ಕೇಳಿಸ್ತಾನೇ ಇಲ್ಲ. ಹೊಸ ಪೆಟ್ಟಿಗೆಗೆ ಕೈ ಹಚ್ಚಲ್ಲ ನಾನು."

ಮರುವರ್ಷ ಮೇಳ ಬಂದಾಗ ಆ ಮನೆಯಲ್ಲಿ ಮಾರಲು ಒಂದೂ ಪೆಟ್ಟಿಗೆ ಇರಲಿಲ್ಲ. ಆದರೂ ತಿದಿಯಣ್ಣ ಬೆಳಿಗ್ಗೆಯೇ ಎದ್ದು ಅಂಗಿ ಇಸ್ತ್ರಿ ಮಾಡಿದ. ಮತ್ತೆ ಕರೆದ. ಅಕ್ಕ ಒಲ್ಲೆನೆಂದು ತಲೆಯಾಡಿಸಿದಳು.

"ನಾನು ಬಂದ್ರೆ ನನ್ನ ಮುಖ ನೋಡಿ ಎಲ್ರೂ ನಿನ್ನ ಕ್ಷಮಿಸಿಬಿಡ್ತಾರೆ. ಒಬ್ಬನೇ ಹೋಗು. ಏನು ಹೇಳ್ತೀಯ, ಹೇಳು ನೋಡೋಣ."

"ಶ್ರುತಿ ನಂದಲ್ಲ. ನಮ್ಮಕ್ಕಂದು."

"ತುಂಬ ಕೆಳಗಾಯ್ತು. ನಂಗೇ ಕೇಳಿಸ್ಲಿಲ್ಲ."

ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. ಅವಳು ತಲೆ ಓರೆ ಮಾಡಿ, ರೀಡಿಗೆ ಕಿವಿ ಕೊಡುವಂತೆಯೇ ಕೊಟ್ಟು, "ಇನ್ನೂ ನಡುಗ್ತಿದೆ. ಇನ್ನೊಂದ್ಸಲ" ಎಂದಳು. ಐದನೆಯ ಸಲಕ್ಕೆ ಏನೂ ತಿದ್ದಲಿಲ್ಲ. ಚಿಲಕ ತೆಗೆದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಮೇಳಕ್ಕೆಂದು ತಿದಿಯಣ್ಣ ಆ ಮನೆಯಿಂದ ಹೊರಟದ್ದು ಅದೇ ಕೊನೆ. ಹೊರಲು ಏನೂ ಇಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು, ಮೆಟ್ಟಿಲಿಳಿದ.