ಯಾವ ದನಿ ಮೊದಲು

ನಮ್ಮ ಮನೆಯ ಕಂಪ್ಯೂಟರಿಗೆ ಹನ್ನೆರಡು ವರ್ಷ ತುಂಬಿತ್ತು. ರಾಯಚೂರಿನ ಬೇಸಿಗೆಯಲ್ಲಿ ಅದು ಅರ್ಧ ತಾಸಿಗೊಮ್ಮೆ ತಾನಾಗಿಯೇ ಆರಿಹೋಗುತ್ತಿತ್ತು. ನಾನು ಅದರ ಒಂದು ಬದಿಯ ತಗಡು ಬಿಚ್ಚಿಟ್ಟು, ಎದುರಿಗೆ ಟೇಬಲ್ ಫ್ಯಾನ್ ಹಚ್ಚಿ, ಅದು ಆರುವುದರೊಳಗೆ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಮುಗಿಸುತ್ತಿದ್ದೆ. ಚಳಿಗಾಲದಿಂದ ಒಳಗೊಂದು ಟಕ್ ಟಕ್ ಸದ್ದು ಬೇರೆ ಶುರುವಾಗಿತ್ತು.

"ಹೊಸಾದು ತರೂಣು" ಎಂದು ನನ್ನ ಗಂಡ ಯುಗಾದಿಗೂ ಹೇಳಿದರು, ದಸರೆಗೂ ಹೇಳಿದರು.

"ನಡಿಯಾಕತ್ತದಲ್ರಿ, ಇರ್ಲಿ ಬಿಡ್ರಿ" ಎನ್ನುವುದು ನನ್ನ ಉತ್ತರ. ನಿಜ ಹೇಳಬೇಕೆಂದರೆ ನನ್ನದು ಬರೀ ಆಲಸ್ಯ. ಅದರೊಳಗೆ ತುಂಬಿದ್ದನ್ನೆಲ್ಲ ಆರಿಸಿ, ಬೇಕಾದದ್ದು ಬೇಡವಾದದ್ದು ನೋಡಿ, ಹೊಸದಕ್ಕೆ ಸಾಗಿಸುವ ಕೆಲಸ ನೆನೆಸಿಕೊಂಡರೇ ದಣಿವಾಗುತ್ತಿತ್ತು. ರಜೆಯಲ್ಲಿ ನೋಡೋಣ ಎಂದುಕೊಳ್ಳುತ್ತಿದ್ದೆ. ರಜೆ ಬರುತ್ತಿತ್ತು, ಹೋಗುತ್ತಿತ್ತು.

ರಾಯಚೂರಿಗೆ ವರ್ಗವಾಗುವ ಮೊದಲು ನಾನು ಗಬ್ಬೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆಯ ಹಿಂದಿನ ಬಯಲಿಗೆ ಕುರಿ ಹೊಡೆದುಕೊಂಡು ಬರುತ್ತಿದ್ದ ಒಬ್ಬ ಅಜ್ಜಿ ಬಹಳ ಚೆನ್ನಾಗಿ ಹಾಡುತ್ತಿದ್ದಳು. ಊಟದ ಬಿಡುವಿನಲ್ಲಿ ಬೇವಿನ ಗಿಡದ ಕೆಳಗೆ ಕೂತು ಅವಳ ಒಂಬತ್ತು ಹಾಡುಗಳನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ, ಜಾಗ ಸಾಲದೆಂದು ಮೊಬೈಲಿನಿಂದ ಅಳಿಸಿದ್ದೆ.

ಈ ಬೇಸಿಗೆಯ ಒಂದು ಮುಂಜಾನೆ ಅವಳ ಮಗಳ ಫೋನು ಬಂತು.

"ನಮ್ಮವ್ವ ಹೋಗಿ ತಿಂಗಳಾತ್ರಿ. ಮನ್ಯಾಗ ಒಂದು ಫೋಟೋ ಅದ, ದನಿ ಇಲ್ಲ. ಅವತ್ತ ನೀವು ತುಂಬ್ಕೊಂಡಿದ್ರಲ್ಲ, ಆ ಹಾಡು ಇನ್ನಾ ಅದಾವೇನ್ರಿ?"

"ಅದಾವವ್ವಾ. ಒಂಬತ್ತೂ ಅದಾವ. ನಾಳಿ ಬಾ, ಕೊಡ್ತೀನಿ" ಎಂದುಬಿಟ್ಟೆ.

ಫೋನಿಟ್ಟು ಕಂಪ್ಯೂಟರ್ ಹಚ್ಚಿದೆ. ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿ ಅಕ್ಷರ ಬಂದು ನಿಂತಿತು. ಡಿಸ್ಕ್ ಸಿಗುತ್ತಿಲ್ಲ ಎಂದಿತ್ತು. ಆರಿಸಿ ಹಚ್ಚಿದೆ, ಮತ್ತೆ ಅದೇ. ಆಗ, ಹಾಡುಗಳಿಗಿಂತ ಮೊದಲು ನೆನಪಾದದ್ದು ನನ್ನ ಅಪ್ಪ. ಮಾನ್ವಿಯ ಗುಡಿಯೊಂದರಲ್ಲಿ ನಲವತ್ತು ವರ್ಷ ಪೂಜೆ ಮಾಡಿದ ಅಪ್ಪ, ತೀರಿಕೊಳ್ಳುವ ಮುಂಚಿನ ವರ್ಷ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ತನ್ನ ಹುಡುಗುತನದ ಕಥೆ ಹೇಳಿದ ವಿಡಿಯೋ ಕೂಡ ಅದರಲ್ಲೇ ಇತ್ತು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಮರುದಿನ ಹತ್ತು ಗಂಟೆಗೆ ಅಜ್ಜಿಯ ಮಗಳು ಬಸ್ಸಿಳಿದಳು. ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಮುಚ್ಚಿಡಲಿಲ್ಲ, ಇದ್ದದ್ದು ಹೇಳಿದೆ. ಅವಳು "ನಡ್ರಿ, ನಾನೂ ಬರ್ತೀನಿ" ಎಂದಳು. ಇಬ್ಬರೂ ಆಟೋದಲ್ಲಿ ಆ ಕಂಪ್ಯೂಟರ್ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದೆವು.

ಅಂಗಡಿಯಾತ ತಲೆ ನರೆತ ಮನುಷ್ಯ. ಡಿಸ್ಕನ್ನು ಹೊರತೆಗೆದು ಕಿವಿಗೆ ಹಿಡಿದು ಆಲಿಸಿ, ತನ್ನ ಕಂಪ್ಯೂಟರಿಗೆ ಜೋಡಿಸಿದ. ಎರಡು ಸಲ ಆಗಲಿಲ್ಲ. ಮೂರನೆಯ ಸಲ ತೆರೆಯಿತು.

"ಪೂರಾ ಖರಾಬ್ ಆಗ್ಯಾದ ಮೇಡಂ. ಈಗ ಓದಾಕತ್ತದ, ನಿಂತ್ರ ಮತ್ತ ಏಳಂಗಿಲ್ಲ. ಜಲ್ದಿ ಹೇಳ್ರಿ, ಯಾವುದು ಮೊದಲು ತಗೀಲಿ?"

ಪರದೆಯ ಮೇಲೆ ಒಂದರ ಕೆಳಗೊಂದು ಎರಡು ಹೆಸರು. 'ಅಪ್ಪ'. 'ಗಬ್ಬೂರು ಹಾಡು'. ಪಕ್ಕದ ಸ್ಟೂಲಿನ ಮೇಲಿದ್ದ ಆಕೆಯೂ ಅದನ್ನೇ ನೋಡುತ್ತಿದ್ದಳು. ಮಾತು ಕೊಟ್ಟು ಕರೆಸಿದವಳು ನಾನು. ಹಾಡು ಎನ್ನಬೇಕು ಎಂದು ಬಾಯಿ ತೆರೆದೆ.

"ಅಪ್ಪ" ಎಂದೆ.

ದನಿ ಎಷ್ಟು ಸಣ್ಣದಾಗಿತ್ತೆಂದರೆ ಅಂಗಡಿಯಾತ "ಯಾವುದ್ರಿ?" ಎಂದು ಮತ್ತೆ ಕೇಳಿದ. ಎರಡನೆಯ ಸಲವೂ ಅದನ್ನೇ ಹೇಳಬೇಕಾಯಿತು.

ಹಸಿರು ಪಟ್ಟಿ ಒಂದೊಂದೇ ಕೂದಲೆಳೆಯಷ್ಟು ಮುಂದೆ ಸರಿಯಿತು. ನಡುವೆ ಕರೆಂಟು ಹೋಗಿ ಫ್ಯಾನ್ ನಿಂತಿತು. ಬ್ಯಾಟರಿ ಪೀಂ ಪೀಂ ಎನ್ನತೊಡಗಿತು. ಕರೆಂಟು ಬಂತು. ಮುಕ್ಕಾಲು ತಾಸಿನ ಮೇಲೆ ಅಪ್ಪ ಪೂರ್ತಿ ಬಂದರು. ನನಗೆ ಸಂತೋಷವಾಗಲಿಲ್ಲ. ಪಕ್ಕಕ್ಕೆ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಆಮೇಲೆ ಹಾಡು. ಒಂದು ಬಂತು. ಎರಡು, ಮೂರು. ನಾಲ್ಕನೆಯದು ನಿಂತು ನಿಂತು ಬಂತು. ಐದನೆಯದರ ನಡುವೆ ಡಿಸ್ಕು ಕಿರ್ರೆಂದು ಸದ್ದು ಮಾಡಿ ಸುಮ್ಮನಾಯಿತು.

"ಹೋತ್ರಿ" ಎಂದ ಅಂಗಡಿಯಾತ. ಮತ್ತೆ ಜೋಡಿಸಿ ನೋಡಿದ, ತಲೆಯಾಡಿಸಿದ.

ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಕೊನೆಗೆ ಆಕೆಯೇ ಕೇಳಿದಳು.

"ನಿಮ್ಮಪ್ಪಾರು ಅದಾರೇನ್ರಿ?"

"ಇಲ್ಲವ್ವಾ. ಎರಡು ವರ್ಷ ಆತು."

"ನಿಮ್ಮಪ್ಪನ್ನ ಮೊದ್ಲು ತಗದಿದ್ದಕ್ಕ ನಾನೇನು ಅನ್ನಂಗಿಲ್ರಿ. ನಾನಾಗಿದ್ರೂ ನಮ್ಮವ್ವನ್ನೇ ಅಂತಿದ್ದೆ. ಆದ್ರ ನಾಲ್ಕು ಸಾಕು ಅಂತೂ ಅನ್ನಂಗಿಲ್ಲ. ಇದು ಕೆಡಾಕತ್ತದಂತ ನಿಮಗ ಗೊತ್ತಿತ್ತಲ್ಲ? ಹೊಸಾದು ತಂದಿದ್ರ ಒಂಬತ್ತೂ ಇರ್ತಿದ್ವು."

ಸಿಟ್ಟಿನಿಂದ ಹೇಳಲಿಲ್ಲ ಅವಳು. ಅದಕ್ಕೇ ಆ ಮಾತು ಹೆಚ್ಚು ನಾಟಿತು. ಆ ನಾಲ್ಕು ಹಾಡು ತುಂಬಿಕೊಟ್ಟ ಪೆನ್‌ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಸ್ ಸ್ಟ್ಯಾಂಡಿನ ದಾರಿ ತನಗೆ ಗೊತ್ತು ಎಂದು ಹೇಳಿ ಒಬ್ಬಳೇ ಹೊರಟುಹೋದಳು.

ಆ ವಾರವೇ ಲ್ಯಾಪ್‌ಟಾಪ್ ತಂದೆವು. ಅಪ್ಪನ ವಿಡಿಯೋವನ್ನು ಮೂರು ಕಡೆ ಇಟ್ಟೆ. ಹಾಕಿ ನೋಡಲು ಮಾತ್ರ ಮನಸ್ಸಾಗಲಿಲ್ಲ.

ಮಳೆಗಾಲದ ಒಂದು ಭಾನುವಾರ ತಡೆಯಲಾಗದೆ ಗಬ್ಬೂರಿನ ಬಸ್ಸು ಹತ್ತಿದೆ. ಆಕೆ ಬಾಗಿಲಲ್ಲಿ ನನ್ನನ್ನು ಕಂಡು ಒಂದು ಗಳಿಗೆ ನಿಂತಳು. ಆಮೇಲೆ "ಬರ್ರಿ" ಎಂದಳು. ಉಳಿದ ಐದು ಹಾಡು ಊರಲ್ಲಿ ಯಾರಿಗಾದರೂ ಬರುತ್ತವೆಯೇ ಎಂದು ಕೇಳಿದೆ. ಅಜ್ಜಿಯ ಜೊತೆ ಕುರಿ ಕಾಯುತ್ತಿದ್ದ ಮುದುಕಿಯೊಬ್ಬಳನ್ನು ಕರೆಸಿದಳು. ಮುದುಕಿ ನೆನೆಸಿಕೊಂಡು ಹಾಡತೊಡಗಿದಳು. ಅಜ್ಜಿಯ ಮಗಳು ನಡುವೆಯೇ ತಡೆದಳು.

"ಹಂಗಲ್ಲ ಯವ್ವಾ. ನಮ್ಮವ್ವ ಅಲ್ಲಿ ಎಳದು ಹಾಡ್ತಿದ್ಲು, ಹಿಂಗ..."

ಹೇಗೆಂದು ತೋರಿಸಲು ಹೋಗಿ ತಾನೇ ಪೂರ್ತಿ ಹಾಡಿಬಿಟ್ಟಳು. ಹಾಡಿ ಮುಗಿಸಿ, ತನಗೆ ಇದು ಬರುತ್ತದೆಂದು ತನಗೇ ಗೊತ್ತಿರದವಳಂತೆ ನಮ್ಮ ಮುಖ ನೋಡಿದಳು.

ಸಂಜೆಯ ಹೊತ್ತಿಗೆ ಇಬ್ಬರೂ ಸೇರಿ ಮೂರು ಹಾಡು ಕೊಟ್ಟರು. ಇನ್ನೆರಡರ ಮೊದಲ ಸಾಲು ಬಿಟ್ಟು ಯಾರಿಗೂ ಏನೂ ನೆನಪಾಗಲಿಲ್ಲ. ಆ ಎರಡು ಹೋದವು. ಅವು ಹೋದದ್ದು ನನ್ನಿಂದ.