ಉಸಿರು ಬಿಟ್ಟು ಕೊಟ್ಟ ಅಳತೆ

ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಟೈಲರ್ ಟೇಪನ್ನು ಕೊರಳಿಗೆ ಹಾಕಿಕೊಂಡು ಸುಮ್ಮನೆ ಕಾಯುತ್ತಾನೆ. "ಉಸಿರು ಬಿಡಿ ಸಾರ್. ಪ್ಯಾಂಟ್ ಹಾಕ್ಕೊಂಡು ಊಟ ಮಾಡಲ್ವಾ?" ಎನ್ನುತ್ತಾನೆ. ಗಿರಾಕಿ ನಗುತ್ತಾರೆ, ಹೊಟ್ಟೆ ತಾನಾಗಿ ಸಡಿಲವಾಗುತ್ತದೆ. ಆಗ ಅಳೆಯುತ್ತಾನೆ.

ಖಿನ್ನತೆಯ ಕಾಯಿಲೆ ಅವನಿಗೆ ಹೊಸದಲ್ಲ. ಅವನೂ ಅಕ್ಕನೂ ಇರುವ ಮನೆಯ ಮುಂದಿನ ಕೋಣೆಯೇ ಅಂಗಡಿ. ಆದರೂ ಕೆಲವು ವಾರ ಹಾಸಿಗೆಯಿಂದ ಹೊಲಿಗೆ ಯಂತ್ರದವರೆಗೆ ಬರುವುದೇ ಆಗುವುದಿಲ್ಲ. ಅಂಥ ವಾರಗಳಲ್ಲಿ ಒಲೆ ಉರಿಯುವುದು ಈ ಕಾಯಿಲೆಗೆಂದು ಸಿಗುವ ಸರ್ಕಾರದ ಮಾಸಾಶನದಿಂದ. ಅದನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ಈ ಸಲ ಕಚೇರಿಯಿಂದ ಮರುಪರಿಶೀಲನೆಯ ಅರ್ಜಿ ಬಂತು.

ಮನಸ್ಸು ಹಗುರವಾಗಿದ್ದ ಒಂದು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅರ್ಜಿ ಹರಡಿಕೊಂಡು ತುಂಬಿದ. ಅಕ್ಕ ಕನ್ನಡಕ ಏರಿಸಿ ಓದಿದಳು.

"ಅಡುಗೆ ಮಾಡಿಕೊಳ್ಳಬಲ್ಲಿರಾ? ಹೌದು. ಒಬ್ಬರೇ ಹೊರಗೆ ಹೋಗಬಲ್ಲಿರಾ? ಹೌದು. ಏನೋ ಇದು, ಮಾಸಾಶನಕ್ಕೆ ಬರ್ದಿದ್ದೋ, ಹೆಣ್ಣು ಕೇಳೋಕೆ ಹೊರಟಿದ್ದೋ?"

"ಸುಳ್ಳೇನೂ ಇಲ್ವಲ್ಲಕ್ಕಾ. ನಿನ್ನೆ ಅಡುಗೆ ಮಾಡ್ದೋನು ನಾನೇ ತಾನೇ?"

"ನಿನ್ನೆ ಮಾಡ್ದೆ, ಸರಿ. ಹೋದ ತಿಂಗಳು ತಟ್ಟೆ ತಂದು ಮುಂದಿಟ್ರೂ ಗೋಡೆ ಕಡೆ ತಿರುಗಿ ಮಲಗಿದ್ದೋನು ಯಾರು, ಪಕ್ಕದ್ಮನೆಯೋನಾ?"

"ಅದನ್ನೆಲ್ಲ ಗೊತ್ತಿಲ್ಲದೋರ ಮುಂದೆ ಹೇಳ್ಕೋಬೇಕಾ?"

ಅಕ್ಕ ಅವನ ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡು ಅವನ ಸೊಂಟಕ್ಕೆ ಸುತ್ತಿದಳು. ಅವನು ಅರಿವಿಲ್ಲದೆಯೇ ಎದೆ ಸೆಟೆಸಿ, ಹೊಟ್ಟೆ ಒಳಗೆಳೆದುಕೊಂಡ.

"ಉಸಿರು ಬಿಡಿ ಸಾರ್," ಎಂದಳು.

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಮತ್ತೆ ಮೇಜಿನ ಮುಂದೆ ಕುಳಿತ. ಸ್ಕೇಲ್ ಇಟ್ಟು ಒಂದೊಂದು 'ಹೌದ'ನ್ನೂ ನೇರವಾಗಿ ಹೊಡೆದುಹಾಕಿ ಪಕ್ಕದಲ್ಲಿ ಬರೆಯತೊಡಗಿದ: 'ಕೆಲವು ವಾರ ಆಗುತ್ತದೆ. ಹೋದ ತಿಂಗಳು ಆಗಲಿಲ್ಲ.' ಸ್ನಾನದ ಪ್ರಶ್ನೆ ಬಂದಾಗ ಪೆನ್ನು ಕೆಳಗಿಟ್ಟ. ಎದ್ದು ಹೋಗಿ ಯಾರದೋ ಪ್ಯಾಂಟಿಗೆ ಇಸ್ತ್ರಿ ಹಾಕಿ ಬಂದ. ಆಮೇಲೆ ಬರೆದ: 'ಅಕ್ಕ ಎಬ್ಬಿಸಿ, ಬಚ್ಚಲಿಗೆ ಕರೆದುಕೊಂಡು ಹೋಗಬೇಕಾಯಿತು.'

ಮಾಸಾಶನ ಮುಂದುವರಿಯಿತು. ಕಚೇರಿಯ ಪತ್ರ ಬಂದ ದಿನ ಅವನು ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದ. ಅಕ್ಕ ಓದಿ ಹೇಳಿ, "ಹೇಗಿದೆಯಪ್ಪಾ ಫಿಟ್ಟಿಂಗು?" ಎಂದಳು.

ಅವನು ಹಲ್ಲಿನಲ್ಲಿ ದಾರ ಕಡಿದ.

"ಸೊಂಟದ ಹತ್ರ ಸ್ವಲ್ಪ ಬಿಗಿ. ಪರವಾಗಿಲ್ಲ, ಉಸಿರಾಡ್ಬಹುದು."