ನನ್ನ ಹೆಸರಿನಲ್ಲಿ ಹೋದ ಮೆಸೇಜು

ಮೊನ್ನೆ ಮೇಜಿನ ಖಾನೆ ಎಳೆದರೆ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ. ಒಳಗೆ ನಮ್ಮ ಹಳಿಯಾಳದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಹಳೆಯ ಬೀಗ. ಆ ಬಾಗಿಲಿಗೆ ಈಗ ಬೆರಳು ಒತ್ತಿದರೆ ತೆರೆಯುವ ಯಂತ್ರ ಬಂದಿದೆ. ಬೀಗಕ್ಕೆ ತಿಂಗಳಿಗೊಮ್ಮೆ ತಪ್ಪದೆ ಎಣ್ಣೆ ಬಿಡುತ್ತಿದ್ದವರು ಲ್ಯಾಬಿನ ಅಟೆಂಡರ್. ಮುಂಡಗೋಡದ ಹತ್ತಿರದ ಚಿಗಳ್ಳಿ ಊರಿನವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು.

ಮುಖ ನೋಡದೆ, ಸಹಿ ಹಾಕಿಸಿಕೊಳ್ಳದೆ ಅವರು ಕೀಲಿಕೈ ಕೊಟ್ಟವರಲ್ಲ. ಒಮ್ಮೆ ಪ್ರಿನ್ಸಿಪಾಲರೇ ಫೋನು ಮಾಡಿ ಯಾರಿಗೋ ಕೊಡಲು ಹೇಳಿದಾಗ, “ಸರ್, ನೀವ ಕೆಳಗ ಬಂದ ಹೇಳ್ರಿ, ಕೊಡ್ತೇನಿ” ಎಂದಿದ್ದರು.

ಆಗ ನಾನು ವಿಶ್ವವಿದ್ಯಾಲಯಕ್ಕಾಗಿ ಸೈಬರ್ ಸುರಕ್ಷತೆಯ ಕೋರ್ಸೊಂದನ್ನು ರೂಪಿಸುತ್ತಿದ್ದೆ. ಮೊದಲು ನಮ್ಮ ಸಿಬ್ಬಂದಿಗೇ ಪಾಠ ಮಾಡಿದೆ. ಎಷ್ಟು ಕಲಿತರೆಂದು ಅಳೆಯಬೇಕಲ್ಲ? ಎಲ್ಲರಿಗೂ ಒಂದು ಹುಸಿ ಮೆಸೇಜು ಕಳಿಸಿದೆ, ‘ಈ ಲಿಂಕ್ ಒತ್ತಿ, ನಿಮ್ಮ ಹಾಜರಿಯ ಪಾಸ್‌ವರ್ಡ್ ಹಾಕಿ’ ಎಂದು. ನಂಬಿಕೆ ಬರಲೆಂದು ಕೆಳಗೆ ನನ್ನದೇ ಹೆಸರು. ಒತ್ತಿದವರು ಒಬ್ಬರೇ, ಕಾಕಾ. ಮೀಟಿಂಗಿನಲ್ಲಿ ಪರದೆಯ ಮೇಲೆ ಅವರ ಹೆಸರು ಬಂದಾಗ ಎಲ್ಲರೂ ನಕ್ಕರು. ಹೆಸರು ಮರೆಮಾಡಬೇಕೆಂಬ ಬುದ್ಧಿ ನನಗೆ ಹೊಳೆಯಲಿಲ್ಲ. ಕೋರ್ಸು ಬರೆದ ಜಾಣೆ ನಾನು!

“ನಿಮ್ಮ ಹೆಸರಿತ್ತಲ್ರಿ ಮೇಡಂ... ಅದಕ್ಕ ಒತ್ತಿದ್ನಿರಿ,” ಎಂದರು ಹೊರಗೆ ಬಂದ ಮೇಲೆ.

ಅಂದಿನಿಂದ ನಾನು ಏನೇ ಮೆಸೇಜು ಕಳಿಸಲಿ, ನೋಯುವ ಮಂಡಿಯಲ್ಲೇ ಎರಡು ಮಹಡಿ ಹತ್ತಿ ಬರುತ್ತಿದ್ದರು. “ನೀವ ಕಳಿಸಿದ್ದೇನ್ರಿ?” ಹೌದೆಂದರೆ ಇಳಿದು ಹೋಗುತ್ತಿದ್ದರು. ವರದಿಯಲ್ಲಿ ನಾನು ಇದನ್ನು ‘ಗಮನಾರ್ಹ ಸುಧಾರಣೆ’ ಎಂದು ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿವೃತ್ತರಾಗಿ ಊರಿಗೆ ಹೋದವರು ಹಾಸಿಗೆ ಹಿಡಿದಿದ್ದಾರೆಂದು ತಿಳಿಯಿತು. ‘ಕಾಕಾ, ಭಾನುವಾರ ನೋಡಲು ಬರಲೇ?’ ಎಂದು ಮೆಸೇಜು ಹಾಕಿದೆ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ನನ್ನ ಮೇಲೆ ಇನ್ನೂ ಬೇಸರವಿರಬೇಕೆಂದು ಆ ಭಾನುವಾರ ಹೋಗಲಿಲ್ಲ. ಒಂದು ಫೋನಾದರೂ ಮಾಡಬಹುದಿತ್ತು... ಮಾಡಲಿಲ್ಲ.

ತೀರಿಕೊಂಡ ಸುದ್ದಿ ಕೇಳಿ ಮುಂಡಗೋಡದ ಬಸ್ಸು ಹಿಡಿದು ಹೋದೆ. ಅವರ ಮಗಳು ನೀರು ಕೊಟ್ಟು ಹೇಳಿದಳು: “ನಿಮ್ಮ ಮೆಸೇಜ್ ದಿನಾ ತಗದು ನೋಡ್ತಿದ್ರು ರಿ. ಉತ್ತರ ಹಾಕ್ಲೇನಪ್ಪಾ ಅಂದ್ರ, ‘ಬ್ಯಾಡವ್ವಾ, ಯಾರ ಕಳಿಸ್ಯಾರೋ ಏನೋ. ಖರೇನ ಮೇಡಂ ಇದ್ರ ತಾವ ಬರ್ತಾರ’ ಅಂದ್ರು. ಆ ಭಾನುವಾರ ಒಗದ ಅಂಗಿ ಹಾಕಿಸ್ಕೊಂಡು, ಬಾಗಿಲ ಕಡೆ ಮುಖ ಮಾಡಿ ಕುಂದರಸು ಅಂದ್ರು. ಸಂಜಿ ತನಕಾ ಕುಂತಿದ್ರು ರಿ.”

ಕೋರ್ಸು ಇಂದಿಗೂ ನಡೆಯುತ್ತಿದೆ. ಪರಿಚಿತರ ಹೆಸರು ಬಳಸುವ ಆ ಪರೀಕ್ಷೆಯನ್ನು ಮಾತ್ರ ತೆಗೆದುಹಾಕಿದ್ದೇನೆ. ಮೊನ್ನೆ ಬೀಗಕ್ಕೆ ನಾನೇ ಎರಡು ಹನಿ ಎಣ್ಣೆ ಬಿಟ್ಟು ಒರೆಸಿಟ್ಟೆ.

ಭಾನುವಾರದ ಆ ಮೆಸೇಜು ನಾನೇ ಕಳಿಸಿದ್ದೆ, ಕಾಕಾ.